ವಿರೂಪಾಕ್ಷಪ್ಪನವರ ಒಂದು ದಿನದ ಬೆಂಗಳೂರು

ಕಾಲಿದ್ದಷ್ಟು ಹಾಸಿಗೆ ಹಾಸು ಅಂತ ಒಂದು ಗಾದೆ. ಹಿರಿಯರು ಇದನ್ನು ತಿರುವುಮುರುವಾಗಿ ಹೇಳುತ್ತಿದ್ದರು, ನಿಜ. ಆದರೆ ಆ ಹಿರಿಯರು ಯಾರೂ ಲಾಡ್ಜ್ ನಡೆಸಿದವರಲ್ಲ. ಲಾಡ್ಜ್ ನಡೆಸುವವರ ಪಾಲಿಗೆ ಗಾದೆ ಹೀಗೇ ನೆಟ್ಟಗೆ. ನಂಬಿಕೆ ಬರದಿದ್ದರೆ ಗಂಗಾವತಿಯ ವಿರೂಪಾಕ್ಷಪ್ಪನವರ ಕಥೆ ಕೇಳಿ. ಖರೇ ಕಥೆ. ಉಪ್ಪುಖಾರ ಬಿದ್ದಿದ್ದರೂ ರುಚಿಗೆ ತಕ್ಕಷ್ಟೇ.

ಗಂಗಾವತಿ ಬಸ್ ಸ್ಟ್ಯಾಂಡಿನ ಎದುರಿಗೆ ಸುಖನಿದ್ರಾ ಲಾಡ್ಜ್. ಹನ್ನೆರಡು ರೂಮು. ಎರಡು ವರ್ಷದಿಂದ ಅಲ್ಲಿ ಸುಖವಾಗಿ ನಿದ್ರೆ ಮಾಡುತ್ತಿದ್ದವರು ಮಾಲೀಕರೊಬ್ಬರೇ. ಅದೂ ಹಗಲು ಹೊತ್ತು, ಕೌಂಟರಿನ ಮೇಲೆ ತಲೆಯಿಟ್ಟು. ಹಿಂದೆ ಭತ್ತದ ವ್ಯಾಪಾರಿಗಳು ವಾರಗಟ್ಟಲೆ ಠಿಕಾಣಿ ಹೂಡುತ್ತಿದ್ದರು. ಈಗ ಅವರು ಕಾರಿನಲ್ಲಿ ಬಂದು ಸಂಜೆಗೆ ವಾಪಸ್. ಇನ್ನು ಬೆನ್ನಿಗೆ ಚೀಲ ಹಾಕಿಕೊಂಡು ಊರು ನೋಡಲು ಬರುವ ಹುಡುಗ ಹುಡುಗಿಯರು ಬಸ್ ಇಳಿದು ಲಾಡ್ಜಿನೊಳಗೆ ಇಣುಕುತ್ತಿದ್ದರು. ಗೋಡೆ ತುಂಬ ಬೋರ್ಡು. ಉಗುಳಬಾರದು. ಬಟ್ಟೆ ಒಣಹಾಕಬಾರದು. ಹೊರಗಿನ ಊಟ ತರಬಾರದು. ಹತ್ತರ ಮೇಲೆ ಗೇಟು ತೆಗೆಯಲಾಗದು. ಓದುತ್ತ ಓದುತ್ತ ಹಾಗೇ ಹಿಂದೆ ಸರಿದು, ಟಂಟಂ ಆಟೋ ಹತ್ತಿ ಆನೆಗೊಂದಿ ಕಡೆ ಹೋಗಿಬಿಡುತ್ತಿದ್ದರು.

ಮಗಳು ಶಾಂಭವಿ ಕುಷ್ಟಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಜಾಹೀರಾತಿಗೆ ಇರಲಿ ಎಂದು ಲಾಡ್ಜಿನ ಹೆಸರು ಅಚ್ಚು ಹಾಕಿಸಿ ಐನೂರು ಪೆನ್ನು ಮಾಡಿಸಿಕೊಟ್ಟಿದ್ದಳು. ನಾನೂರ ಎಂಬತ್ತು ಇನ್ನೂ ಡ್ರಾಯರಿನಲ್ಲೇ ಮಲಗಿದ್ದವು. ಕೊನೆಗೆ ಅವಳೇ ಅಂದಳು:

"ಅಪ್ಪಾ, ಗೊಬ್ಬರದಂಗಡಿ ಸೇಟು ಗೋಡೌನಿಗೆ ಕೇಳಾಕತ್ಯಾರ. ರವಿವಾರ ನಾಕಕ್ಕ ಬರ್ತಾರ. ಕೀಲಿ ಕೊಡೋ ಮನಸಿದ್ರ ಕೊಡು, ಇಲ್ಲಂದ್ರ ಲಾಡ್ಜ್ ಹೆಂಗ ನಡಸ್ತಿ ಅಂತ ಹೇಳು."

"ನಮ್ಮಪ್ಪ ಕಟ್ಟಿಸಿದ ರೂಮಿನ್ಯಾಗ ಯೂರಿಯಾ ಚೀಲ ಮಲಗಸ್ಬೇಕನವ್ವಾ?"

"ಚೀಲಕ್ಕ ನೀರು ಬ್ಯಾಡ, ಚಾದರ ಬ್ಯಾಡ. ನಿನ್ನ ಬೋರ್ಡೆಲ್ಲಾ ಪಾಲಸ್ತಾವ. ಅಂಥಾ ಗಿರಾಕಿ ಎಲ್ಲಿ ಸಿಗತಾರ ನಿನಗ?"

ಮಾತು ನಾಟಿತು. ವಿರೂಪಾಕ್ಷಪ್ಪನವರು ಒಂದು ನಿರ್ಧಾರಕ್ಕೆ ಬಂದರು. ಆನೆಗೊಂದಿಯಲ್ಲಿ ಕಸ್ತೂರೆಮ್ಮ ಅನ್ನುವ ಹೆಣ್ಣುಮಗಳು ನಾಲ್ಕೇ ಖೋಲಿಯ ಮನೆಯಲ್ಲಿ ಪ್ರವಾಸಿಗರನ್ನು ಇಟ್ಟುಕೊಳ್ಳುತ್ತಾಳೆ, ಖೋಲಿ ಖಾಲಿ ಇದ್ದ ದಿನವೇ ಇಲ್ಲ ಎಂದು ಕೇಳಿದ್ದರು. ಅದರ ಗುಟ್ಟೇನು? ಗಿರಾಕಿಯಾಗಿ ಹೋಗಿ ನೋಡಿಯೇ ಬಿಡುವುದು. ಫೋನ್ ಮಾಡಿ, ಟಿವಿ ಧಾರಾವಾಹಿಯಿಂದ ಕಲಿತ ಕನ್ನಡದಲ್ಲಿ, "ನಾನು ಗವಿಸಿದ್ದೇಶ ಅಂತ, ಬೆಂಗಳೂರು, ರಿಟೈರ್ಡ್ ಇಂಜಿನಿಯರು ಕಣಮ್ಮ" ಅಂದರು. ಬೆಂಗಳೂರಿನವನಿಗೆ ಅಪ್ಪಟ ಕೊಪ್ಪಳದ ಹೆಸರು ಇಟ್ಟೆನಲ್ಲ ಅನ್ನುವುದು ಫೋನ್ ಇಟ್ಟ ಮೇಲೆ ಹೊಳೆಯಿತು.

ಶನಿವಾರ ಮಧ್ಯಾಹ್ನ, ತಂಪು ಕನ್ನಡಕ, ಹ್ಯಾಟು, ಅಳಿಯನ ಬೂಟು ಹಾಕಿಕೊಂಡು ಆನೆಗೊಂದಿಯಲ್ಲಿ ಇಳಿದರು. ಬಾಳೆತೋಟದ ಮಗ್ಗುಲಿಗೆ ಕಲ್ಲಿನ ಮನೆ, ಹಿಂದೆ ಒಂದರ ಮೇಲೊಂದು ಕೂತ ಬಂಡೆಗಳು. ಕಸ್ತೂರೆಮ್ಮ ಬಾಗಿಲಿಗೇ ಬಂದಳು. ಐವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಬರ್ರಿ ಬರ್ರಿ, ಬಿಸಲಾಗ ಬಂದೀರಿ. ಮೊದಲ ನೀರು ಕುಡೀರಿ."

ಒಂದು ಚೊಂಬು ನೀರು, ಒಂದು ತುಣುಕು ಬೆಲ್ಲ. ವಿರೂಪಾಕ್ಷಪ್ಪನವರು ರಿಜಿಸ್ಟರ್ ಬರುವುದನ್ನು ಕಾದರು. ಬರಲಿಲ್ಲ.

"ಮೊಣಕಾಲು ನೋಯತಾವೇನ್ರಿ?" ಕೇಳಿದಳು. ಮೆಟ್ಟಿಲು ಹತ್ತುವಾಗ ಅವರು ಗೋಡೆ ಹಿಡಿದದ್ದನ್ನು ನೋಡಿದ್ದಳು.

"ಸ್ವಲ್ಪ ಕಣಮ್ಮ."

"ರೇಣುಕಾ, ಸಾಹೇಬ್ರಿಗೆ ಮ್ಯಾಲಿನ ಖೋಲಿ ಬ್ಯಾಡ, ಕೆಳಗಿಂದು ಕೊಡು." ರೇಣುಕಾ ಸೊಸೆ. ಮೊಬೈಲಿನಲ್ಲಿ ಬರುವ ಬುಕಿಂಗು, ಪ್ರವಾಸಿಗರು ಬರೆಯುವ ಹೊಗಳಿಕೆ ತೆಗಳಿಕೆಗೆ ಉತ್ತರ, ಎಲ್ಲ ಅವಳದೇ.

ಖೋಲಿಯ ಬಾಗಿಲು ಹಾಕಿಕೊಂಡದ್ದೇ ವಿರೂಪಾಕ್ಷಪ್ಪನವರು ತನಿಖೆಗೆ ಇಳಿದರು. ಗಾದಿಗೆ ಎರಡು ಗುದ್ದು ಹಾಕಿದರು. ಬಗ್ಗಿ ಮಂಚದ ಕೆಳಗೆ ಬೆರಳಾಡಿಸಿದರು, ಧೂಳಿಲ್ಲ. ಪಾಯಖಾನೆಯಲ್ಲಿ ಸುಮ್ಮನೆ ಎರಡು ಸಲ ನೀರು ಬಿಟ್ಟರು. ಲಕಲಕ. ತಲೆದಿಂಬಿನ ಪಕ್ಕಕ್ಕೇ ಮೊಬೈಲ್ ಚಾರ್ಜಿಂಗಿನ ಪ್ಲಗ್ಗು, ಪಕ್ಕದಲ್ಲೊಂದು ಬ್ಯಾಟರಿ ಟಾರ್ಚು. ತಮ್ಮ ಲಾಡ್ಜಿನಲ್ಲಿ ಪ್ಲಗ್ಗು ಇರುವುದು ಬಾಗಿಲ ಮೇಲೆ, ಗಿರಾಕಿ ಸ್ಟೂಲು ಹತ್ತಿ ನಿಲ್ಲಬೇಕು. ಹಾಸಿಗೆಯ ಮೇಲೆ ಬಣ್ಣದ ಕೌದಿ. ಗೋಡೆಯಲ್ಲಿ ಬೋರ್ಡು ಹುಡುಕಿದರು. ಮಕ್ಕಳು ಬರೆಯುವಂಥ ಒಂದೇ ಒಂದು ಪಾಟಿ, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ವೈಫೈ ಪಾಸ್‌ವರ್ಡು, ಕೆಳಗೆ "ಮಂಗ ಬಂದರ ಕಿಟಕಿ ಹಾಕ್ರಿ". ಅಷ್ಟೇ. 'ಬಾರದು' ಅನ್ನುವ ಮಾತು ಎಲ್ಲೂ ಕಾಣಲಿಲ್ಲ.

ಮುಖ ತೊಳೆದು ಪಡಸಾಲೆಗೆ ಬಂದಾಗ ಯಾರೂ ಇರಲಿಲ್ಲ. ಆಗಲೇ ಪುಣೆಯ ಗಂಡ ಹೆಂಡತಿ ಚೀಲ ಹೊತ್ತು ಬಾಗಿಲಿಗೆ ಬಂದರು. ಮೂವತ್ತು ವರ್ಷದ ಚಟ, ಸುಮ್ಮನಿರುತ್ತದೆಯೆ? ವಿರೂಪಾಕ್ಷಪ್ಪನವರ ಕಾಲು ತಾನಾಗಿ ಮೇಜಿನ ಹಿಂದಕ್ಕೆ ಹೋಯಿತು. ಕೈ ತಾನಾಗಿ ಅಲ್ಲಿದ್ದ ರಿಜಿಸ್ಟರ್ ಎಳೆಯಿತು. ಬಾಯಿ ಒಂದೇ ಉಸಿರಿಗೆ, "ಆಧಾರ್ ಕಾರ್ಡ್, ದೋ ಜೆರಾಕ್ಸ್, ಚೆಕೌಟ್ ಬಾರಾ ಬಜೆ, ಬಾಹರ್ ಕಾ ಖಾನಾ ಮನಾ ಹೈ!" ಅಂದುಬಿಟ್ಟಿತು. ಜೇಬಿನ ಪೆನ್ನು ತೆಗೆದು, "ಇಧರ್ ಸಹಿ" ಎಂದು ಕೊಟ್ಟೂ ಆಯಿತು.

ತಲೆ ಎತ್ತಿದರೆ ಅಡುಗೆಮನೆ ಬಾಗಿಲಲ್ಲಿ ಕಸ್ತೂರೆಮ್ಮ, ಕೈತುಂಬ ಜೋಳದ ಹಿಟ್ಟು.

"ಸುಮ್ನೆ... ಹೆಲ್ಪ್ ಮಾಡೋಣ ಅಂತ ಕಣಮ್ಮ," ಅಂದರು ವಿರೂಪಾಕ್ಷಪ್ಪನವರು, ಬೆವರು ಒರೆಸುತ್ತ.

"ಭಾಳ ಛಲೋ ಮಾಡಿದ್ರಿ," ಅಂದಳು ಕಸ್ತೂರೆಮ್ಮ ಶಾಂತವಾಗಿ. ಪುಣೆಯವರ ಕಡೆ ತಿರುಗಿ, "ಆಧಾರ್ ಎಲ್ಲೂ ಓಡಿ ಹೋಗೂದಿಲ್ಲ, ಪಹಲೆ ಪಾನೀ," ಎಂದು ಚೊಂಬು ಕೊಟ್ಟಳು. ಆಮೇಲೆ ರಿಜಿಸ್ಟರ್ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಅತ್ತೆ ಸೊಸೆಯ ಪಿಸುಮಾತು ಕೇಳಿಸಿತು. ಆಮೇಲೆ ರೇಣುಕಾಗೆ ಕೆಮ್ಮು ಬಂದಿತು, ಭಾರಿ ಕೆಮ್ಮು.

ಸಂಜೆ ಕಸ್ತೂರೆಮ್ಮ ಬಂದು ಕೇಳಿದಳು: "ಸಾಹೇಬ್ರ, ಬೆಂಗಳೂರಾವ್ರು ಬಂದ್ರ ನಮಗ ಹಳ್ಳಿ ಅನುಭವ ಬೇಕ ಬೇಕು ಅಂತಾರ. ನಿಮಗ ಬ್ಯಾಡೇನ್ರಿ?"

ಅಲ್ಲಿದೆ ಗುಟ್ಟು! ವಿರೂಪಾಕ್ಷಪ್ಪನವರ ಕಿವಿ ನೆಟ್ಟಗಾಯಿತು. "ಅಯ್ಯೋ, ಅದಕ್ಕೇ ಅಲ್ವ ಬಂದಿರೋದು!"

ಒಲೆಯ ಮುಂದೆ ಕೂರಿಸಿ ರೊಟ್ಟಿ ಬಡಿಯಲು ಕೊಟ್ಟಳು. ಅವರು ಬಡಿದ ರೊಟ್ಟಿ ನೋಡಿದರೆ ನಮ್ಮ ಜಿಲ್ಲೆಯ ನಕಾಶೆ. ಕುಷ್ಟಗಿ, ಯಲಬುರ್ಗಾ ಒಂದು ಕಡೆ ಉಬ್ಬಿದ್ದವು, ಕೊಪ್ಪಳದಲ್ಲಿ ತೂತು. ಹೆಂಚಿಗೆ ಹಾಕುವಾಗ ಗಂಗಾವತಿ ಮುರಿದು ಒಲೆಯೊಳಗೆ ಬಿತ್ತು. ಪುಣೆಯಾಕೆ ಚಪ್ಪಾಳೆ ಹೊಡೆದು ವಿಡಿಯೋ ಮಾಡಿಕೊಂಡಳು. ನಕಾಶೆ ಅವರ ತಟ್ಟೆಗೇ ಬಂತು, ಜೊತೆಗೆ ಕಸ್ತೂರೆಮ್ಮನ ಕೈಯ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ವಿರೂಪಾಕ್ಷಪ್ಪನವರು ಮಾತು ಮರೆತು ಉಂಡರು.

ಊಟದ ಮೇಲೆ ಪುಣೆಯವರು, ನಾಳೆ ಏನು ನೋಡಬೇಕು ಎಂದು ಫೋನಿನಲ್ಲಿದ್ದ ಪಟ್ಟಿ ಮುಂದಿಟ್ಟರು. ಕಸ್ತೂರೆಮ್ಮ ಹೇಳಿದಳು, ರೇಣುಕಾ ಹಿಂದಿಗೆ ತಿರುಗಿಸಿದಳು: "ಇಪ್ಪತ್ತು ಜಾಗಾ ಓಡಬ್ಯಾಡ್ರಿ. ಮುಂಜಾನಿ ಆರಕ್ಕ ಆ ಕರೇ ಕಲ್ಲಿನ ಮ್ಯಾಲ ಸುಮ್ನ ಕುಂದರ್ರಿ, ಹೊಳಿ ಮ್ಯಾಲ ಬಿಸಲು ಇಳಿಯೂದು ನೋಡ್ರಿ. ಹತ್ತು ಹೊಡದ ಮ್ಯಾಲ ಅದ ಕಲ್ಲು ರೊಟ್ಟಿ ಹೆಂಚು." ಬಳಿಕ ಕಸ್ತೂರೆಮ್ಮ ಫೋನ್ ಹಿಡಿದು ನಿನ್ನೆ ಹೊರಟುಹೋದ ಗಿರಾಕಿಗಳಿಗೆ ಕರೆ ಮಾಡಿದಳು. "ಮುಟ್ಟಿದ್ರೇನ್ರಿ? ಕೂಸಿನ ಕೆಮ್ಮು ಹೆಂಗೈತಿ?" ಹೋದ ಗಿರಾಕಿಗೆ ಫೋನೆ? ವೇಳೆ ದಂಡ, ಅಂದುಕೊಂಡರು ವಿರೂಪಾಕ್ಷಪ್ಪನವರು.

ಮರುದಿನ ಬೆಳಿಗ್ಗೆ ಸಕ್ಕರೆಯಿಲ್ಲದ ಚಹಾ ಬಂತು. ನಿನ್ನೆ ಒಂದು ಸಲ ಹೇಳಿದ್ದು, ಇವತ್ತು ಕೇಳಲೇ ಇಲ್ಲ. ಚಹಾದ ಹಿಂದೆಯೇ ಕಸಬರಿಗೆ ಬಂತು.

"ಅಂಗಳ ಗುಡಿಸೋ ಅನುಭವ ರೀ," ಅಂದಳು ರೇಣುಕಾ, ಮುಖ ಗಂಟಿಕ್ಕಿ.

ಗುಡಿಸಿದರು. ಅಂಗಳಕ್ಕೆ ನೀರಿನ ಛಳೆ ಹೊಡೆದರು. ಕೌದಿ ಕೊಡವಿದರು. ಬಾಳೆನಾರು ಹೊತ್ತು ಕಲ್ಲಿನ ಮೇಲೆ ಒಣಹಾಕಿದರು. ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗಿದರು. ಲಾಡ್ಜಿನಲ್ಲಿ ಬಿದ್ದ ಕಾಗದ ಎತ್ತದ ಮನುಷ್ಯ! ಪ್ರತಿ ಕೆಲಸ ಮುಗಿದಾಗಲೂ ಮರೆಗೆ ಹೋಗಿ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಜೇಬಿನಲ್ಲಿ ಪೆನ್ನು ಕಾಣಲಿಲ್ಲ, ರೇಣುಕಾಳ ಹತ್ತಿರ ಪೆನ್ಸಿಲ್ ಕಡ ತಂದರು. ಎಂಥಾ ತಲೆ ಈಕೆಯದು ಎಂದು ಮನಸ್ಸಿನಲ್ಲೇ ಕೈಮುಗಿದರು. ಆಳೂ ಗಿರಾಕಿಯೇ, ಗಿರಾಕಿಯೂ ಆಳೇ!

ಕೊನೆಗೆ ಸ್ನಾನಕ್ಕೆ ಹೋದರು. ನೀರು ಹದವಾಗಿ ಕಾದಿತ್ತು. ಬಕೀಟಿನ ಪಕ್ಕಕ್ಕೆ ಒಂದು ಎತ್ತರದ ಸ್ಟೂಲು. ನಿನ್ನೆ ತನಿಖೆ ಮಾಡಿದಾಗ ಅದು ಇರಲಿಲ್ಲ. ಮೊಣಕಾಲು ಮಡಚದೆ ಕೂತು ಮೈಮೇಲೆ ನೀರು ಹೊಯ್ದುಕೊಂಡಾಗ ವಿರೂಪಾಕ್ಷಪ್ಪನವರಿಗೆ ಎಷ್ಟೋ ವರ್ಷದ ಮೇಲೆ ಹಿತವೆನಿಸಿತು. ಅದನ್ನು ಪುಸ್ತಕದಲ್ಲಿ ಬರೆಯಬೇಕು ಎಂದು ಮಾತ್ರ ಹೊಳೆಯಲಿಲ್ಲ.

ಹೊರಡುವಾಗ ಕಸ್ತೂರೆಮ್ಮ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಬುತ್ತಿ ಕೊಟ್ಟಳು. "ಬೆಂಗಳೂರು ದೂರ. ಹಾದ್ಯಾಗ ಉಣ್ರಿ. ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ. ಮರತ್ರ ನಾನ ಮಾಡ್ತೀನಿ."

ಟಂಟಮಿನಲ್ಲಿ ಗಂಗಾವತಿ ಮುಟ್ಟಿದಾಗ ಮೂರೂವರೆ. ಶಾಂಭವಿ ಕೌಂಟರಿನಲ್ಲಿ ಹನ್ನೆರಡು ಕೀಲಿಗಳನ್ನು ಒಂದೇ ದಾರಕ್ಕೆ ಪೋಣಿಸಿಕೊಂಡು ಸೇಟಿಗಾಗಿ ಕಾಯುತ್ತಿದ್ದಳು. ಅಪ್ಪ ಹ್ಯಾಟು ಎಸೆದು ಪುಸ್ತಕ ಅವಳ ಮುಂದೆ ಒಗೆದರು. "ಗುಟ್ಟು ಸಿಕ್ತವ್ವಾ! ಎಲ್ಲಾ ಗಿರಾಕಿ ಕಡಿಂದನ ಮಾಡಸೂದು!"

ಶಾಂಭವಿ ಓದಿದಳು. ರೊಟ್ಟಿ, ಕಸ, ಕೌದಿ, ಹಂಡೆ. ತುಟಿ ಕಚ್ಚಿಕೊಂಡಳು. "ಅಪ್ಪಾ, ಆ ಪುಣೆಯವ್ರೂ ಹಂಡೆ ತಿಕ್ಕಿದ್ರೇನು?"

ವಿರೂಪಾಕ್ಷಪ್ಪನವರು ಮುಂಜಾನೆಯನ್ನು ನೆನಪಿಸಿಕೊಂಡರು. ಪುಣೆಯವರು ಕಲ್ಲಿನ ಮೇಲೆ ಕೂತು ಬಿಸಿಲು ನೋಡುತ್ತಿದ್ದರು. "ಇಲ್ಲ."

"ಹೋಗ್ಲಿ, ನಿದ್ದಿ ಹೆಂಗ ಬಂತು?"

"ಏನ್ ಕೇಳ್ತಿ! ದಿಂಬಿನ ಬಾಜೂನ ಪ್ಲಗ್ಗು, ಕೌದಿ... ಮತ್ತ ನಾ ಕಾಲು ನೋವು ಅಂತ ಬಾಯಿ ಬಿಡೂಕಿಂತ ಮದ್ಲ ತಾವ ಕೇಳಿ ಕೆಳಗಿನ ಖೋಲಿ ಕೊಟ್ರು. ಜಳಕಕ್ಕ ಸ್ಟೂಲು ಇಟ್ಟಿದ್ರವ್ವಾ. ಯಾವಾಗ ಇಟ್ರೋ ಗೊತ್ತಿಲ್ಲ."

"ಇದನ್ನ ಯಾಕ ಬರದಿಲ್ಲ ನೀ?" ಅಂದಳು ಶಾಂಭವಿ ಮೆಲ್ಲಗೆ.

ಆಗ ಫೋನ್ ಹೊಡೆದುಕೊಂಡಿತು. ಕಸ್ತೂರೆಮ್ಮ.

"ಮುಟ್ಟಿದ್ರೇನ್ರಿ ಸಾಹೇಬ್ರ?"

ವಿರೂಪಾಕ್ಷಪ್ಪನವರು ಗಂಟಲು ಸರಿಮಾಡಿಕೊಂಡು ಮತ್ತೆ ಬೆಂಗಳೂರಿನ ಕನ್ನಡಕ್ಕೆ ಏರಿದರು. "ಇಲ್ಲ ಕಣಮ್ಮ, ಈಗ ತಾನೆ ತುಮಕೂರು ದಾಟ್ತಾ ಇದೀನಿ."

ಎದುರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಗಂಟಲು ಹರಿಯುವಂತೆ ಕೂಗಿದ: "ಯಾರ್ರೀ ಕುಷ್ಟಗಿ! ಕುಷ್ಟಗಿ ಕುಷ್ಟಗಿ ಕುಷ್ಟಗಿ!"

"ತುಮಕೂರಾಗ ಕುಷ್ಟಗಿ ಬಸ್ಸು ಭಾಳ ಅದಾವನ್ರಿ?" ಅಂದಳು ಕಸ್ತೂರೆಮ್ಮ. "ಒಂದು ತಾಸಿನ್ಯಾಗ ತುಮಕೂರು! ಗಾಡಿ ಜೋರೈತಿ. ಬುತ್ತಿ ಬಿಚ್ಚಿ ನೋಡ್ರಿ, ವಿರೂಪಾಕ್ಷಪ್ಪನವ್ರ."

ಬಿಚ್ಚಿದರು. ಆರು ರೊಟ್ಟಿ, ಶೇಂಗಾ ಹಿಂಡಿ, ಅದರ ನಡುವೆ ಒಂದು ಪೆನ್ನು. ಪೆನ್ನಿನ ಮೇಲೆ ಅಚ್ಚು: ಸುಖನಿದ್ರಾ ಲಾಡ್ಜ್, ಬಸ್ ಸ್ಟ್ಯಾಂಡ್ ಎದುರು, ಗಂಗಾವತಿ.

"ಆಧಾರ್ ಕೇಳಿದ್ರಲ್ರಿ, ಆವಾಗ ಕೊಟ್ರಿ ಪೆನ್ನು," ಫೋನಿನೊಳಗೆ ಕಸ್ತೂರೆಮ್ಮನ ದನಿ ನಗುವಿನಲ್ಲಿ ಒಡೆಯುತ್ತಿತ್ತು. "ಸುಳ್ಳ ಹೆಸರಿಗೆ ಅಷ್ಟು ದಂಡ ಇರಲಿ ಅಂತ ಹಂಡೆ ತಿಕ್ಕಿಸಿದೆ, ತಪ್ಪು ತಿಳೀಬ್ಯಾಡ್ರಿ. ಖರೇ ಹೇಳ್ಬೇಕಂದ್ರ ನಮ್ಮ ರೇಣುಕಾಗಿಂತ ಛಲೋ ಬೆಳಗೀರಿ! ನಾನೂ ಒಮ್ಮಿ ಬಸ್ ತಪ್ಪಿ ನಿಮ್ಮ ಲಾಡ್ಜಿನಾಗ ಇದ್ದೆ, ನಿಮ್ಮ ಹೆಸರು ಆವಾಗಿಂದ ಗೊತ್ತು. ಬೋರ್ಡು ಓದಿ ಮುಗಸೂದ್ರಾಗ ಬೆಳಗಾತು. ಅವನ್ನ ಇಳಸ್ರಿ. ನಮಗ ವಾರಕ್ಕ ಹತ್ತು ಮಂದಿಗೆ ಖೋಲಿ ಇಲ್ಲ ಅನ್ನೂದು ಬರ್ತೈತಿ. ಬಸ್ಸಿನ್ಯಾಗ ಬಂದೋರನ್ನ ನಿಮ್ಮ ಕಡಿ ಕಳಸ್ತೀನಿ. ಒಂದು ಮಾತು, ಮೊದಲ ನೀರು ಕೊಡ್ರಿ, ಆಮ್ಯಾಲ ಆಧಾರ್ ಕೇಳ್ರಿ."

ಶಾಂಭವಿ ಕೌಂಟರ್ ಹಿಡಿದುಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಗೊಬ್ಬರದ ಸೇಟು ಒಳಗೆ ಬಂದು, ಮೂರು ರಸ್ತೆ ಬಿಸಿಲಲ್ಲಿ ನಡೆದು ಬಂದಿದ್ದರೋ ಏನೋ, ಉಸ್ ಎಂದು ಕೂತರು. ವಿರೂಪಾಕ್ಷಪ್ಪನವರು ಫೋನ್ ಕಿವಿಗಿಟ್ಟುಕೊಂಡೇ ಒಂದು ಗ್ಲಾಸು ನೀರು ತಂದು ಅವರ ಕೈಗಿತ್ತರು. ಮಗಳ ಕೈಯಿಂದ ಕೀಲಿಗೊಂಚಲು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಸೇಟಜೀ, ಕುಡೀರಿ. ಗೋಡೌನ್ ಇಲ್ಲ. ಬೇಕಂದ್ರ ಅಂಗಳ ಗುಡಿಸೋ ಅನುಭವ ಐತಿ!"

ಅಷ್ಟು ಹೇಳುವುದರೊಳಗೆ ತಡೆಯಲಾಗಲಿಲ್ಲ. ಒಲೆಗೆ ಬಿದ್ದ ಗಂಗಾವತಿ ನೆನಪಾಯಿತು, ತುಮಕೂರು ನೆನಪಾಯಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಫೋನಿನೊಳಗೆ ಅತ್ತೆ ಸೊಸೆ ನಗುತ್ತಿದ್ದರು, ಶಾಂಭವಿ ನಗುತ್ತಿದ್ದಳು, ಏನೆಂದು ತಿಳಿಯದ ಸೇಟೂ ನಗುತ್ತಿದ್ದರು. ಎಲ್ಲರ ನಗೆಯ ಮೇಲೆ ವಿರೂಪಾಕ್ಷಪ್ಪನವರ ನಗೆ. ಎದುರಿನ ಕಂಡಕ್ಟರು ಕುಷ್ಟಗಿಯನ್ನು ಬಾಯಲ್ಲೇ ನಿಲ್ಲಿಸಿ, ತಿರುಗಿ ನೋಡಿದ.