ಹೊಸಮ್ಮ ಹೇಳಿದ ಬಣ್ಣ

ಒಣಗುತ್ತ ಒಣಗುತ್ತ ಇದು ಬೇರೆಯೇ ಆಗುತ್ತಿದೆ, ಬೆಳಿಗ್ಗೆ ಬಳಿದಾಗ ಪೀಚ್ ಹಣ್ಣಿನ ಒಳಗಿನ ಹಾಗಿತ್ತು, ಈಗ ನೋಡಿದರೆ ಮೊಣಕಾಲಿನ ಗಾಯಕ್ಕೆ ಅಂಟಿಸುವ ಪಟ್ಟಿಯ ಬಣ್ಣ, ಅಂಚಿನಲ್ಲಿ ಮಾತ್ರ ಇನ್ನೂ ಹಸಿ, ಅಲ್ಲಿ ಮಾತ್ರ ಇನ್ನೂ ಸ್ವಲ್ಪ ಆಸೆ — ಮೂರು ಪಟ್ಟೆ, ಒಂದೊಂದೂ ನನ್ನ ಎರಡು ಅಂಗೈಯಷ್ಟು, ಎಡಗಡೆಯದು ಪೀಚ್, ನಡುವಿನದಕ್ಕೆ ಅಂಗಡಿಯ ಚೀಟಿಯಲ್ಲಿ ಮುಂಜಾವು ಎಂದು ಹೆಸರು, ಬಲಗಡೆಯದು ಸೀಗಡಿ ಬೇಯಿಸಿದ ನೀರು, ಸುತ್ತಲೂ ಬೂಷ್ಟು ಕೆರೆದು ತೊಳೆದು ನಿನ್ನೆ ಹೊಡೆದ ಬಿಳಿ ಪ್ರೈಮರ್, ಯಾವುದೂ ಅಲ್ಲ, ಮೂರೂ ಅಲ್ಲ, ನಾಳೆ ಹತ್ತು ಗಂಟೆಯ ಬಸ್ಸಿಗೆ ಹೊಸಮ್ಮ ದೆಗುವಿನಿಂದ ಬರುತ್ತಾಳೆ, ಈ ಗಾಜಿನ ಜಗಲಿಯಲ್ಲಿ ನಿಂತು ಸುತ್ತ ನೋಡುತ್ತಾಳೆ, ಕೋಣೆ ನೋಡ್ತೀನಿ, ಆಮೇಲೆ ಹೇಳ್ತೀನಿ ಎಂದಿದ್ದಾಳೆ, ಅವಳು ಹಾಗೆ ಹೇಳಿದರೆ ಹಾಗೇ, ಒತ್ತಾಯ ಮಾಡಿದರೆ ಮೌನವಾಗುತ್ತಾಳೆ, ಆ ಮೌನಕ್ಕೆ ಬಾಗಿಲೂ ಇಲ್ಲ ಕಿಟಕಿಯೂ ಇಲ್ಲ. ಅಲ್ಲಿಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ, ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು, ಅಪ್ಪ ಸತ್ತ ಮೇಲೆ ಮೂರು ವರ್ಷ ಅವಳೊಬ್ಬಳೇ ಇದ್ದ ಮನೆ, ಅವಳಿಗೆ ಇರುವುದು ಎರಡೇ ದಾರಿ, ಒಂದು ಈ ಜಗಲಿಗೆ ತೆರೆಯುವ ಕೋಣೆ, ನನ್ನ ಮಗಳು ಬೊರಾ ಹಾಸ್ಟೆಲಿಗೆ ಹೋದ ಮೇಲೆ ಖಾಲಿ ಬಿದ್ದಿರುವುದು, ಇನ್ನೊಂದು ಊರಾಚೆಯ ವೃದ್ಧಾಶ್ರಮ, ಅಲ್ಲಿ ಈಗಾಗಲೇ ಹೆಸರು ಬರೆಸಿ ಬಂದಿದ್ದಾಳೆ, ನನಗೆ ಹೇಳದೆ, ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನಿನಗೆ ಭಾರ ಆಗೋದು ಬೇಡ ಅಂತ ಎನ್ನಲಿಲ್ಲ, ಅಲ್ಲಿ ಅನ್ನ ಮೆತ್ತಗೆ ಮಾಡ್ತಾರಂತೆ ಎಂದಳು, ಮೂವತ್ತೈದು ವರ್ಷದಿಂದ ಗಟ್ಟಿ ಅನ್ನವನ್ನೇ ಇಷ್ಟಪಟ್ಟವಳು.

ಮೂವತ್ತೈದು ವರ್ಷವಾದರೂ ಅವಳು ಹೊಸಮ್ಮ, ನಂಟರೆಲ್ಲ ಇಟ್ಟ ಹೆಸರು, ಹೊಸಮ್ಮ ಅನ್ನೇ ಹೀಜು, ಬಾಯೇನೂ ಸವೆಯಲ್ಲ, ಎಂದು ಅತ್ತೆ ನನ್ನ ಬೆನ್ನಿಗೆ ಗುದ್ದಿದ್ದಳು, ನನಗಾಗ ಹನ್ನೊಂದು, ನಾನು ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ, ಅಮ್ಮ ಎನ್ನುವುದು ಸತ್ತವಳ ಪಾಲಿಗೆ ಹೋಗಿತ್ತು, ಹೊಸಮ್ಮ ಎನ್ನುವುದು ಪಾತ್ರೆ ಅಂಗಡಿಯ ಮಾತಿನ ಹಾಗೆ ಕೇಳುತ್ತಿತ್ತು, ಹಾಗಾಗಿ ಏನೂ ಕರೆಯದೆ ಮಾತು ಶುರು ಮಾಡುವುದನ್ನು ಕಲಿತೆ, ಇಲ್ಲಿ ನೋಡಿ, ಊಟ ಆಯ್ತಾ, ಫೋನಿನಲ್ಲಿ, ನಾನು — ಎಷ್ಟು ವರ್ಷ, ಹೆಸರಿಲ್ಲದ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುವ ಹಾಗೆ. ಮನಸ್ಸಿನೊಳಗೆ ಮಾತ್ರ ಹೊಸಮ್ಮ, ಒಳಗೆ ಅದು ಅಂಗಡಿಯ ಮಾತಿನ ಹಾಗೆ ಕೇಳುವುದಿಲ್ಲ. ಹೋದ ವಾರ ಫೋನಿನಲ್ಲಿ ಜಗಲಿಗೆ ಯಾವ ಬಣ್ಣ ಹಚ್ಚಿಸಲಿ ಎಂದು ಕೇಳಿದೆ, ಕೇಳಬೇಕು ಎಂದು ಕೇಳಿದ್ದು, ಯಾವ್ದಾದ್ರೂ ಆಗುತ್ತೆ ಎನ್ನುತ್ತಾಳೆ ಎಂದುಕೊಂಡೇ ಕೇಳಿದ್ದು, ಆ ಕಡೆ ಉಸಿರು ಮಾತ್ರ, ಅಲ್ಲಿಯ ಗೋಡೆ ಗಡಿಯಾರದ ಟಿಕ್ ಟಿಕ್, ಆಮೇಲೆ, ನೀನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ಯಲ್ಲ, ಆಗ ಇತ್ತಲ್ಲ ಆ ಬಣ್ಣ, ಎಂದಳು. ಯಾವಾಗ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ, ನನ್ನ ಕತ್ತಿನ ಹಿಂದೆ ಆ ಗೋಡೆಯ ಬಿಸಿ ಹತ್ತಿತು, ಅಂದರೆ ಅವಳೂ ಅದನ್ನು ಇಟ್ಟುಕೊಂಡಿದ್ದಾಳೆ, ಅದೇ ಮಧ್ಯಾಹ್ನವನ್ನು, ನಾನೊಬ್ಬಳೇ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ.

ಶಾಲೆಯಿಂದ ಬಂದು ಬೂಟು ಬಿಚ್ಚಿ ಚೀಲ ಇಳಿಸದೆ ನಿಂತಿದ್ದೆ, ದೆಗುವಿನ ಅದೇ ಮನೆ, ಐದನೇ ಮಹಡಿಯ ಜಗಲಿ, ಗಾಜಿನಲ್ಲಿ ಹಾದು ಬಿದ್ದ ಬಿಸಿಲು, ಅವಳು ನಮ್ಮ ಮನೆಗೆ ಬಂದು ನಲವತ್ತು ದಿನ, ನಾನು ಅವಳೊಡನೆ ಮಾತಾಡದೆ ನಲವತ್ತು ದಿನ, ಅಪ್ಪ ಬಸ್ಸು ಓಡಿಸಲು ಹೋದರೆ ಮನೆಯಲ್ಲಿ ನಾವಿಬ್ಬರೇ, ಎರಡು ಬೆಕ್ಕುಗಳ ಹಾಗೆ ಗೋಡೆ ಸವರಿಕೊಂಡು ಓಡಾಡುತ್ತಿದ್ದೆವು, ಅವಳು ಚಾಪೆಯ ಮೇಲೆ ತವರಿನಿಂದ ಬಂದ ಎರಡು ಚೀಲ ಹಣ್ಣು ಮೆಣಸಿನಕಾಯಿ ಹರವಿಕೊಂಡು ಒಂದೊಂದನ್ನೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ, ತಲೆ ಕೂಡ ಎತ್ತಲಿಲ್ಲ, ಮುಂಗೈಯಿಂದ ಮೆಣಸಿನಕಾಯಿಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು, ಅಷ್ಟೇ, ಕೆಂಪಿನ ನಡುವೆ ಒಂದು ಮಗು ಕೂರುವಷ್ಟು ಖಾಲಿ ಚಾಪೆ. ಹೋಗಿ ಕೂತೆ. ಬೆನ್ನಿಗೆ ಗೋಡೆ ಬೆಚ್ಚಗಿತ್ತು. ಅವಳು ಇನ್ನೊಂದು ಬಟ್ಟೆ ಹಿಂಡಿ ಕೊಟ್ಟಳು, ಬಿಸಿಲು ಕಿಟಕಿಯ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹೋಗುವವರೆಗೂ ಒರೆಸಿದೆವು, ಕೊನೆಗೆ ಅವಳು ಒಂದೇ ಮಾತು, ಕಣ್ಣು ಮುಟ್ಕೋಬೇಡ, ಅಂದಳು, ನಾನು ಮುಟ್ಟಿಕೊಂಡೆ, ಬೇಕೆಂದೇ ಮುಟ್ಟಿಕೊಂಡೆನೇನೋ, ಅಮ್ಮ ಸತ್ತ ಎರಡು ವರ್ಷದಿಂದ ನಿಂತಿದ್ದು ಸುರಿಯಿತು, ಅಕ್ಕಿ ತೊಳೆದ ನೀರಿನಿಂದ ಅವಳು ನನ್ನ ಮುಖ ತೊಳೆಯುತ್ತಲೇ ಇದ್ದಳು, ಉರಿ ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕಿಂತ ಬಹಳ ಹೊತ್ತು ತೊಳೆದಳು, ಇನ್ನೂ ಉರೀತಿದೆಯಾ, ಹೂಂ, ಸರಿ ಹಾಗಾದ್ರೆ, ಎಂದು ಇನ್ನೊಂದು ಬೊಗಸೆ, ಆ ನೀರಿನೊಳಗಿಂದ ಕಂಡ ಗೋಡೆಯ ಬಣ್ಣ, ಅದೇ, ಪೀಚ್ ಅಲ್ಲ, ಮುಂಜಾವಲ್ಲ, ಎಳೆಗೂಸಿನ ಕಿವಿಯನ್ನು ದೀಪಕ್ಕೆ ಹಿಡಿದ ಹಾಗೆ — ಇದನ್ನು ಅಂಗಡಿಯವಳಿಗೆ ಹೇಗೆ ಹೇಳುವುದು.

ಹೇಳಿದೆನಲ್ಲ, ಮೂರು ಸಲ ಹೋಗಿ ಹೇಳಿದೆ, ಮೊದಲ ಸಲ ಅವಳು ಚೀಟಿಗಳ ಗೊಂಚಲನ್ನು ಇಸ್ಪೀಟೆಲೆಯಂತೆ ಬಿಡಿಸಿ, ಅಕ್ಕಾ, ಜಗಲಿಗೆ ಯಾರೂ ಬಣ್ಣ ಹಚ್ಚಲ್ಲ, ಬಿಳಿ ಹಚ್ತಾರೆ, ನಿಮ್ಮ ಕಟ್ಟಡದಲ್ಲಿ ಇನ್ನೂರು ಮನೆ, ಇನ್ನೂರೂ ಬಿಳಿ, ಎಂದಳು, ನನಗೆ ಬಿಳಿ ಬೇಡ ಎಂದೆ, ಎರಡನೆಯ ಸಲ, ಚೀಟೀಲಿ ನೋಡಿದ್ದು ಗೋಡೆ ಮೇಲೆ ತಿಳಿಯಾಗುತ್ತೆ, ಒಂದು ಮೆಟ್ಟಿಲು ಗಾಢವಾಗಿ ತಗೊಳ್ಳಿ, ಎಂದಳು, ತಗೊಂಡೆ, ಸೀಗಡಿ ನೀರು. ಮೂರನೆಯ ಸಲ ನಾನು ಹಳೆಯ ಗೋಡೆಯ ಬಣ್ಣದ ಚೂರನ್ನೇ ಒಯ್ದೆ, ದೆಗುವಿನ ಮನೆಯಲ್ಲಿ ಸಾಮಾನು ಕಟ್ಟಲು ಹೋದಾಗ ಹೊಸಮ್ಮ ಅಡುಗೆಮನೆಯಲ್ಲಿರುವುದನ್ನು ನೋಡಿಕೊಂಡು ಕಳ್ಳಿಯ ಹಾಗೆ ಜಗಲಿಯ ಗೋಡೆಯಿಂದ ಉಗುರಿನಲ್ಲಿ ಎಬ್ಬಿಸಿ ಪರ್ಸಿನಲ್ಲಿ ಇಟ್ಟುಕೊಂಡದ್ದು, ಮೇಲೆ ಹೊಗೆ ಹಿಡಿದ ಹಳದಿ, ನಡುವೆ ಯಾವಾಗಲೋ ಮತ್ತೆ ಹಚ್ಚಿರಬೇಕು, ಕೆಳಗೆ ಇರುತ್ತದೆ ನನ್ನ ಬಣ್ಣ ಎಂದುಕೊಂಡು, ಅಂಗಡಿಯವಳು ಬ್ಲೇಡಿನಿಂದ ಪದರ ಬಿಡಿಸಿದಳು, ಕನ್ನಡಕ ಹಣೆಗೇರಿಸಿ ಇಳಿಸಿ ನೋಡಿದಳು, ಅಕ್ಕಾ ಇದು ಬಿಳಿ, ಇದರ ಕೆಳಗಿರೋದೂ ಬಿಳಿ, ಅದರ ಕೆಳಗೆ ಸಿಮೆಂಟು, ನಿಮ್ಮನ್ನ ನೋಡಿದ್ರೆ ಪಾಪ ಅನ್ಸುತ್ತೆ, ಯಾರಾದ್ರೂ ಪ್ರೇಮಿ ಮನೆ ಗೋಡೇನಾ. ನಕ್ಕೆ. ದಾರಿಯಲ್ಲಿ ನಗು ಹೋಯಿತು. ಹಾಗಾದರೆ ನಾನು ಕಟ್ಟಿಕೊಂಡದ್ದೇ, ಮೂವತ್ತೈದು ವರ್ಷ ನೀರುಗಣ್ಣಿನಲ್ಲಿ ಕಂಡದ್ದನ್ನು ನಂಬಿಕೊಂಡು ಬಂದೆನೇ, ಆದರೆ ಹೊಸಮ್ಮನೂ ಹೇಳಿದಳಲ್ಲ, ಇತ್ತಲ್ಲ ಆ ಬಣ್ಣ ಎಂದಳಲ್ಲ, ಅವಳ ಕಣ್ಣಿನಲ್ಲಿ ನೀರಿರಲಿಲ್ಲ — ಇರಲಿಲ್ಲವೇ, ನಾನು ನೋಡಿದೆನೇ.

ಬೊರಾ ಅಮ್ಮಾ, ಇನ್ನೂ ಗೋಡೆ ಜೊತೆ ಸಂಧಾನ ನಡೀತಿದೆಯಾ, ಅವನು, ಬೊರಾ ಅಪ್ಪ, ಬಚ್ಚಲಿನಿಂದ ಕೂಗುತ್ತಿದ್ದಾನೆ, ಕಾಟವಿಲ್ಲದ ದಿನ ಇವತ್ತು ನಾಳೆ ಎರಡೇ, ಅದು ಬಿಟ್ರೆ ಮತ್ತೆ ಮುಂದಿನ ವಾರವೇ, ನಿಮ್ಮಮ್ಮನೇ ಫೋನ್ ಮಾಡಿ ಪಂಚಾಂಗ ಓದಿದ್ರು, ಗೊತ್ತು, ದೆವ್ವಗಳೆಲ್ಲ ಆಕಾಶಕ್ಕೆ ಹೋಗಿರುವ ದಿನ ಮಾತ್ರ ಮನೆ ಬದಲಾಯಿಸಬೇಕು ಮೊಳೆ ಹೊಡೆಯಬೇಕು ಸುಣ್ಣಬಣ್ಣ ಮಾಡಬೇಕು, ವೃದ್ಧಾಶ್ರಮಕ್ಕೆ ಹೋಗಲು ಅವಳು ದಿನ ನೋಡಿಸಿಲ್ಲ, ಇಲ್ಲಿಗೆ ಬರಲು ನೋಡಿದ್ದಾಳೆ, ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಿದ್ದೇನೆ. ಸಮಾಧಾನ ಆಗುವುದಿಲ್ಲ, ಯಾಕೆಂದರೆ ಹೋದ ವಾರದ ಆ ಫೋನು ಅಲ್ಲಿಗೆ ಮುಗಿಯಲಿಲ್ಲ, ಬಣ್ಣ ಹೇಳಿದ ಮೇಲೆ ಅದೇ ಉಸಿರಿನಲ್ಲಿ ಅವಳು, ಮೆಣಸಿನಕಾಯಿ ಹರಡೋಕೆ ಜಾಗ ಆಗುತ್ತಾ ಅಲ್ಲಿ, ತಮ್ಮ ಎರಡು ಚೀಲ ಕಳಿಸಿದ್ದಾನೆ, ಎಂದು ಕೇಳಿದಳು, ನಾನು, ನಾನೇ, ಹೊಸ ಬಣ್ಣ ಹಾಳಾಗುತ್ತೆ, ಈಗ ಯಾರು ಮನೇಲಿ ಒಣಗಿಸ್ತಾರೆ, ಪುಡಿ ತಂದ್ರಾಯ್ತು, ನೀವು ಅದನ್ನೆಲ್ಲ ಹೊತ್ಕೊಂಡು ಬರಬೇಡಿ, ಸೊಂಟ ನೋಯುತ್ತೆ, ಎಂದೆ, ಒಳ್ಳೆಯದಕ್ಕೇ ಎಂದೆ, ಅವಳು ಸರಿ ಎಂದಳು, ಅದೇ ಬಾಗಿಲಿಲ್ಲದ ಸರಿ, ಗಡಿಯಾರ ಟಿಕ್ ಟಿಕ್, ಫೋನ್ ಇಟ್ಟಳು.

ಬಟ್ಟಲು ಎಲ್ಲಿಡಲಿ, ಬ್ರಷ್ ತೊಳೀತೀಯಾ, ಅವನು ಒಳಗೆ ಬಂದ, ಕೈಯಲ್ಲಿ ರಬ್ಬರಿನ ದೊಡ್ಡ ಕೆಂಪು ಬಟ್ಟಲು, ಚಳಿಗಾಲದ ಖಾರದ ಉಪ್ಪಿನಕಾಯಿ ಕಿಮ್ಚಿ ಹಾಕುವಾಗ ಕೋಸು ನೆನೆಸುವುದು, ನಾನು ನೋಡದೆ ಅಲ್ಲೇ ಎಲ್ಲಾದ್ರೂ ಎಂದೆ, ಇಟ್ಟ, ಬಿಸಿಲಿನ ನಡುವೆಯೇ ಇಟ್ಟ, ಏನೋ ಹೇಳುತ್ತಿದ್ದಾನೆ, ಸೀಗಡಿ ನೀರು ಪರವಾಗಿಲ್ಲ ಕಣೇ, ಹಸಿವಾಗುತ್ತೆ ಅಷ್ಟೇ, ಎಂದೇನೋ, ನಾನು ಗೋಡೆ ನೋಡುತ್ತಿದ್ದೇನೆ, ಪಟ್ಟೆಗಳನ್ನಲ್ಲ, ಪಟ್ಟೆಗಳ ಕೆಳಗಿನ ಬರೀ ಬಿಳಿಯನ್ನು, ಪ್ರೈಮರನ್ನು, ಬಟ್ಟಲಿನ ಎದುರಿಗೆ ಗೇಣಗಲ ಅದು ಬದಲಾಗಿದೆ, ಯಾರೋ ಉಸಿರು ಬಿಟ್ಟ ಹಾಗೆ, ಕಾಲಿನಿಂದ ಬಟ್ಟಲನ್ನು ಆಚೆ ತಳ್ಳಿದೆ, ಹೋಯಿತು, ಈಚೆ ಎಳೆದೆ, ಬಂತು, ಎಳೆಗೂಸಿನ ಕಿವಿ — ಏನು ಮಾಡ್ತಿದ್ದೀಯಾ, ಏನಿಲ್ಲ, ತಳ್ಳಿದೆ, ಎಳೆದೆ, ಒಂದು ಬಟ್ಟಲಿಗೆ ಇಷ್ಟು, ಎರಡು ಚೀಲಕ್ಕೆ ಎಷ್ಟು, ಚಾಪೆ ತುಂಬ ಮೆಣಸಿನಕಾಯಿಯ ಕೆಂಪು ಬಿಸಿಲು ಕುಡಿದು ಗೋಡೆಯ ಮೇಲೆ ಚೆಲ್ಲುತ್ತಿತ್ತಲ್ಲ, ಗೋಡೆ ಬಿಳಿಯೇ ಇತ್ತು, ಬಿಳಿಯಾಗಿದ್ದುದರಿಂದಲೇ, ಅಂಗಡಿಯವಳು ಸರಿ, ಚೂರು ಸರಿ, ನಾನೂ ಸರಿ, ಹೊಸಮ್ಮ ಎರಡು ಮಾತು ಹೇಳಿರಲಿಲ್ಲ, ಒಂದೇ ಮಾತು ಹೇಳಿದ್ದಳು, ಆ ಬಣ್ಣ ಬೇಕು, ಮೆಣಸಿನಕಾಯಿಗೆ ಜಾಗ ಇದೆಯಾ, ನಾನು ಅರ್ಧಕ್ಕೆ ಹೂಂ ಎಂದು ಅರ್ಧಕ್ಕೆ ಬೇಡ ಎಂದೆ, ಗೋಡೆ ಹಾಳಾಗುತ್ತೆ ಎಂದೆ, ಯಾವ ಗೋಡೆ. ಫೋನ್ ಎಲ್ಲಿ, ನಿನ್ನ ಏಪ್ರನ್ ಜೇಬಲ್ಲೇ ಇದೆಯಲ್ಲ, ದೆಗುವಿನಲ್ಲಿ ರಿಂಗಾಗುತ್ತಿದೆ, ಅವಳು ಐದನೆಯ ರಿಂಗಿಗೇ ಎತ್ತುವುದು, ಮೊದಲ ನಾಲ್ಕು ಕೈ ಒರೆಸಿಕೊಳ್ಳಲು, ಹಲೋ, ನಾನು, ಗೊತ್ತಾಯ್ತು, ಮೆಣಸಿನಕಾಯಿ ತನ್ನಿ. ಉಸಿರು. ನೀನೇ ಬೇಡ ಅಂದ್ಯಲ್ಲ. ತನ್ನಿ, ಎರಡೂ ಚೀಲ, ಬಸ್ ಸ್ಟ್ಯಾಂಡಿಗೆ ಬೊರಾ ಅಪ್ಪ ಬರ್ತಾರೆ. ಗೋಡೆ ಹಾಳಾಗುತ್ತೆ. ಆಗ್ಲಿ. ಗಡಿಯಾರ, ಟಿಕ್ ಟಿಕ್, ಅದನ್ನೂ ಸುತ್ತಿ ತರಲು ಹೇಳಬೇಕು. ಬಣ್ಣ ಯಾವ್ದು ಹಚ್ಚಿದೆ. ಬಿಳಿ, ಎಂದೆ, ಇನ್ನೂ ಹಚ್ಚಿಲ್ಲ, ಬಿಳಿ ಹಚ್ತೀನಿ. ಉಸಿರು ನಿಂತಿತು, ಅಷ್ಟು ಹೊತ್ತು ಅವಳು ಸುಮ್ಮನಿದ್ದುದಕ್ಕೆ ನನಗೆ ಭಯವಾಗಲಿಲ್ಲ, ಇದೇ ಮೊದಲ ಸಲ, ಆಮೇಲೆ, ಸಿಕ್ತಾ ಹಾಗಾದ್ರೆ, ಎಂದಳು, ಹೂಂ ಎಂದೆ, ಚಾಪೆ ಇದೆಯಾ ನಿಮ್ಮನೇಲಿ, ಇಲ್ಲ, ಪೇಟೆಯವರು ನೀವು, ಎಲ್ಲಿಂದ ಇರುತ್ತೆ, ನಾನೇ ತರ್ತೀನಿ, ಒಣಗೋಕೆ ಹದಿನೈದು ದಿನ ಬೇಕು ನೋಡು, ಬೇಕಾಗ್ಲಿ, ಆಮೇಲೆ ತೊಟ್ಟು ಮುರೀಬೇಕು, ಬೀಜ ಉದುರಿಸ್ಬೇಕು, ಬೀಸಿಸ್ಬೇಕು, ಅಷ್ಟೊತ್ತಿಗೆ ಕಿಮ್ಚಿ ಹಾಕೋ ಕಾಲ ಬಂದೇಬಿಡುತ್ತೆ, ನಿನಗೆ ಹದ ಬರಲ್ಲ, ಅದೂ ನಾನೇ ಮಾಡ್ಬೇಕು, ಎಂದಳು, ಅಲ್ಲಿಗೆ ಚಳಿಗಾಲ ಬಂತು, ಅನ್ನ ಇಲ್ಲಿ ಗಟ್ಟಿಯೇ ಇರುತ್ತದೆ ಎಂದು ಹೇಳಲು ಹೋಗಿ ಮೂಗೆಳೆದುಕೊಂಡೆ, ನಿಂಗೇನು ಶೀತನಾ, ಇಲ್ಲ, ಬಣ್ಣದ ವಾಸನೆ, ಕಣ್ಣು ಉರೀತಿದೆ, ಸರಿ ಹಾಗಾದ್ರೆ, ಎಂದಳು, ಫೋನ್ ಮಾತ್ರ ಇಡಲಿಲ್ಲ, ನಾನೂ ಇಡಲಿಲ್ಲ, ಬೊರಾ ಅಪ್ಪ ಮೂರು ಪಟ್ಟೆಗಳ ಮೇಲೆ ಬಿಳಿ ರೋಲರ್ ಎಳೆಯುತ್ತಿದ್ದಾನೆ, ಪೀಚ್ ಹೋಯಿತು, ಮುಂಜಾವು ಹೋಯಿತು, ಸೀಗಡಿ ಹೋಯಿತು, ಬಿಸಿಲಿನಲ್ಲಿ ಖಾಲಿ ನೆಲ, ನಾಳೆ ಇಲ್ಲಿ ಚಾಪೆ, ಚಾಪೆಯ ತುಂಬ ಕೆಂಪು, ಒರೆಸುವ ಕೈ, ತಲೆ ಎತ್ತದ ಮುಖ, ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಮುಂಗೈ ಆಚೆಗೊಮ್ಮೆ ಈಚೆಗೊಮ್ಮೆ, ಕೆಂಪಿನ ನಡುವೆ ಒಂದು ಮಗು ಕೂರುವಷ್ಟು ಖಾಲಿ ಚಾಪೆ