ದೂರು ಪುಸ್ತಕದ ಹಿಂದಿನ ಪುಟಗಳು

ರಾಜಶ್ರೀ ಅಳುವುದಕ್ಕೂ ಒಂದು ವೇಳೆ ಇಟ್ಟುಕೊಂಡಿದ್ದಳು. ಮಧ್ಯಾಹ್ನ ಮೂರೂ ಹತ್ತರಿಂದ ಮೂರೂ ಇಪ್ಪತ್ತು. ಚಹಾ ಮುಗಿದಿರುತ್ತದೆ, ಫೋನುಗಳು ಇನ್ನೂ ಶುರುವಾಗಿರುವುದಿಲ್ಲ. ಸ್ಥಳ ಸ್ಟೇಷನರಿ ಕೋಣೆ. ಹೋಗುವಾಗ ಬರಿಗೈ, ಬರುವಾಗ ನೆಪಕ್ಕೆ ಕೈಯಲ್ಲೊಂದು ಕಾರ್ಬನ್ ಹಾಳೆಯ ಕಟ್ಟು. ಅವಳ ಮೇಜಿನ ಖಾನೆಯಲ್ಲಿ ಈಗ ಇನ್ನೂ ಹತ್ತು ವರ್ಷಕ್ಕಾಗುವಷ್ಟು ಕಾರ್ಬನ್ ಹಾಳೆ ಇತ್ತು.

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ಅವಳು ಗುಮಾಸ್ತೆ. ಬಿ.ಎ. ಮುಗಿಸಿ ಬಂದು ಕುಳಿತು ನಾಲ್ಕು ವರ್ಷ. ಯಾರ ಹೊಲದ ಕಬ್ಬು ಯಾವತ್ತು ಕಡಿಯಬೇಕು ಎಂಬ ಪಾಳಿಪಟ್ಟಿ ಅವಳ ಕಿಟಕಿಯಲ್ಲಿ. ಪಾಳಿ ಗೊತ್ತುಮಾಡುವವರು ಮೇಲಿನವರು, ಬೈಸಿಕೊಳ್ಳುವುದು ಮಾತ್ರ ಕಿಟಕಿ. ಕಬ್ಬು ಒಣಗಿದರೆ ಅವಳು, ಕಡಿಯುವ ಗ್ಯಾಂಗು ಬರದಿದ್ದರೆ ಅವಳು, ಟ್ರ್ಯಾಕ್ಟರು ಲೋಕಾಪುರದ ತಿರುವಿನಲ್ಲಿ ಕೆಟ್ಟು ನಿಂತರೂ ಅವಳೇ. ಎಲ್ಲರಿಗೂ ರಾಜಶ್ರೀಯದು ಒಂದೇ ಉತ್ತರ, ನೋಡ್ತೇನ್ರಿ. ಆಫೀಸಿನವರು ಇದಕ್ಕೆ ಸಮಾಧಾನ ಎಂದು ಹೆಸರಿಟ್ಟಿದ್ದರು. ಬೇರೆ ಮಾತು ಹೊರಗೆ ಬರುತ್ತಿಲ್ಲ ಅಷ್ಟೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಡೈರಿ ಬರೆಯುವ ಚಟ ಕಾಲೇಜಿನದು. ಮನೆಯಲ್ಲಿಟ್ಟರೆ ಅವ್ವ ಓದುತ್ತಾಳೆ, ಚೀಲದಲ್ಲಿಟ್ಟರೆ ಬಸ್ಸಿನ ಗೆಳತಿಯರು ಓದುತ್ತಾರೆ. ಬಹಳ ಯೋಚಿಸಿ ರಾಜಶ್ರೀ, ಯಾರೂ ತೆರೆಯದ ಪುಸ್ತಕವೊಂದನ್ನು ಪತ್ತೆಹಚ್ಚಿದಳು. ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ ದೂರು ಪುಸ್ತಕ. ಅಲ್ಲಿಯ ರೈತರು ದೂರನ್ನು ಒದರುತ್ತಾರೆಯೇ ಹೊರತು ಬರೆಯುವುದಿಲ್ಲ. ಅವಳು ಹಿಂದಿನ ಪುಟದಿಂದ ಶುರುಮಾಡಿದಳು. ಪುಸ್ತಕದ ಮರ್ಯಾದೆ ಕೆಡಬಾರದೆಂದು ಅಚ್ಚಾದ ಕಾಲಮ್ಮುಗಳನ್ನೂ ತುಂಬಿದಳು.

ದೂರುದಾರರು: ರಾಜಶ್ರೀ. ಯಾರ ಮೇಲೆ: ರಾಜಶ್ರೀ. ವಿವರ: ಫೋನಿನಲ್ಲಿ ಒಬ್ಬರು ಬೈದು ಇಟ್ಟ ಮೇಲೆ ಧನ್ಯವಾದ ಎಂದಳು.

ಇನ್ನೊಂದು: ಮೂರನೇ ದಿನವೂ ಡಬ್ಬಿಯ ಊಟ ಸೇರಲಿಲ್ಲ. ಅವ್ವನಿಗೆ ತಿಳಿಯಬಾರದೆಂದು ಬಸ್ ಸ್ಟ್ಯಾಂಡಿನ ನಾಯಿಗೆ ಹಾಕಿದಳು. ನಾಯಿ ದಪ್ಪವಾಗಿದೆ.

ಮತ್ತೊಂದು: ಬೆಳಿಗ್ಗೆ ಏಳಬೇಕು ಅನ್ನಿಸಲಿಲ್ಲ. ಎದ್ದಳು. ನಾಳೆಯ ಖಾತ್ರಿ ಇಲ್ಲ.

ಹೀಗೆ ಇಪ್ಪತ್ತಾರು. 'ತೆಗೆದುಕೊಂಡ ಕ್ರಮ' ಎಂಬ ಕೊನೆಯ ಕಾಲಮ್ಮು ಮಾತ್ರ ಎಲ್ಲ ಕಡೆ ಖಾಲಿ.

ಮಹಿಳಾ ದಿನಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ವಿಭಾಗದ ಸಾಹೇಬರಾದ ಅಣ್ಣಾಸಾಹೇಬರು ಕಿಟಕಿಯ ಹತ್ತಿರ ಬಂದು ಸಂತೋಷದ ಸುದ್ದಿ ಹೇಳಿದರು. ಈ ಸಲದ ವಿಷಯ ಮನೋಬಲ. ಗಟ್ಟಿ ಮನಸ್ಸಿನ ಉದ್ಯೋಗಿ ಎಂದು ರಾಜಶ್ರೀಗೆ ಶಾಲು ಹೊದಿಸುವುದು ನಿಶ್ಚಯವಾಗಿತ್ತು. ನಾಲ್ಕು ವರ್ಷದಲ್ಲಿ ಅವಳ ಕಿಟಕಿಯ ಮೇಲೆ ಒಂದೂ ದೂರಿಲ್ಲ ಎಂಬುದನ್ನು ಅವರು ಆ ಪುಸ್ತಕವನ್ನೇ ವೇದಿಕೆಯ ಮೇಲೆ ತೆರೆದು ತೋರಿಸುವವರಿದ್ದರು. ಸಂಜೆಯೊಳಗೆ ಪುಸ್ತಕ ತಮ್ಮ ಮೇಜಿಗೆ ಬರಲಿ ಎಂದರು.

ನೋಡ್ತೇನ್ರಿ, ಎಂದಳು ರಾಜಶ್ರೀ.

ಹಾಳೆ ಹರಿಯುವಂತಿರಲಿಲ್ಲ. ಪ್ರತಿ ಪುಟಕ್ಕೂ ನಂಬರು ಹಾಕಿ ಸೀಲು ಒತ್ತಿದ ಪ್ರಾಮಾಣಿಕ ಗುಮಾಸ್ತೆ ಅವಳೇ. ಗಟ್ಟಿ ಮನಸ್ಸಿನ ಉದ್ಯೋಗಿ ಅಂದು ಹನ್ನೊಂದೂವರೆಗೇ ಸ್ಟೇಷನರಿ ಕೋಣೆಗೆ ಹೋಗಿ ಬಂದಳು.

ಮರಳಿ ಬಂದಾಗ ಕಿಟಕಿಯ ಹೊರಗೆ ರನ್ನ ಬೆಳಗಲಿ ಊರಿನ ಸತ್ಯವ್ವ ನಿಂತಿದ್ದಳು. ಎರಡು ವಾರದಿಂದ ತನ್ನ ಕಬ್ಬಿನ ಪಾಳಿ ಕೇಳಿ ಕೇಳಿ ಸಾಕಾಗಿ, ಇವತ್ತು ಬರೆದೇ ಹೋಗುತ್ತೇನೆಂದು ದೂರು ಪುಸ್ತಕ ತೆರೆದಿದ್ದಳು. ತೆರೆದದ್ದು ಹಿಂದಿನಿಂದ. ಏಳನೆಯ ಇಯತ್ತೆ ಕಲಿತ ಹೆಂಗಸು, ಸಾಲಿನ ಕೆಳಗೆ ಬೆರಳಿಟ್ಟು ತುಟಿಯಾಡಿಸುತ್ತ ಓದುತ್ತಿದ್ದಳು. ರಾಜಶ್ರೀ ಕೈ ಚಾಚಿದಳು. ಸತ್ಯವ್ವ ಪುಸ್ತಕವನ್ನು ದಾರ ಬಂದಷ್ಟು ದೂರ ಎಳೆದುಕೊಂಡು, ನಾಯಿಯ ದೂರಿಗೆ ಬಂದಾಗ ಒಮ್ಮೆ ನಕ್ಕು, ಕೊನೆಯವರೆಗೂ ಓದಿದಳು. ಅದಕ್ಕೆ ಕಾಲು ತಾಸು ಹಿಡಿಯಿತು. ರಾಜಶ್ರೀಗೆ ನೆಲ ಬಾಯಿ ಬಿಡಲಿಲ್ಲವಲ್ಲ ಎಂದು ನೆಲದ ಮೇಲೂ ಒಂದು ದೂರು ಬರೆಯಬೇಕೆನ್ನಿಸಿತು.

"ಇಪ್ಪತ್ತಾರು ದೂರು," ಎಂದಳು ಸತ್ಯವ್ವ ದನಿ ಇಳಿಸಿ. "ಒಂದರದೂ ವಿಚಾರಣಿ ಆಗಿಲ್ಲಲ್ಲ ಯವ್ವಾ. ನಂದು ಎರಡು ವಾರ ತಡಾ ಆತಂತ ನಾ ಇಷ್ಟ್ ಬಡಕೊಳ್ಳಾಕತ್ತೇನಿ. ನೀ ಅಂತೂ ನಿನ್ನ ಹೆಸರ ಪಾಳ್ಯಾಗ ಹಚ್ಚೇ ಇಲ್ಲ."

ರಾಜಶ್ರೀ ಮತ್ತೆ ಪುಸ್ತಕಕ್ಕೆ ಕೈ ಚಾಚಿದಳು.

ಸತ್ಯವ್ವ ಸರಳಿಗೆ ಮೊಣಕೈ ಊರಿ ತನ್ನದನ್ನು ಹೇಳಿದಳು. ಗಂಡ ತೀರಿದ ವರ್ಷ ಎರಡು ತಿಂಗಳು ಗೋಡೆ ನೋಡಿಕೊಂಡು ಕುಳಿತಿದ್ದಳಂತೆ. ದೆವ್ವದ ಗಾಳಿ ಬಡಿದಿದೆ ಎಂದರು ಊರವರು. ಕೊನೆಗೆ ನಾದಿನಿ ಜಮಖಂಡಿಯ ಸರಕಾರಿ ದವಾಖಾನೆಗೆ ಕರೆದೊಯ್ದಳು. ಅಲ್ಲಿ ಮಂಗಳವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಕೂಡುತ್ತಿದ್ದರು.

"ಬೀರಪ್ಪಗ ಕಾಯೀನೂ ಒಡಿಸಿದೆ, ಡಾಕ್ಟರ್ ಕೊಟ್ಟ ಗುಳಗೀನೂ ನುಂಗಿದೆ. ಯಾವುದು ಹತ್ತಿತೋ ಇಬ್ಬರನ್ನೂ ಕೇಳಾಕ ಹೋಗಿಲ್ಲ," ಎಂದಳು. "ನೀ ಆ ನಾಯಿ ಹೊಟ್ಟಿ ತುಂಬ್ಸೂದ ಬಿಟ್ಟು, ಈ ಮಂಗಳವಾರ ಹೋಗಿ ಬಾ."

ಆಮೇಲೆ ಪೆನ್ನು ಕೇಳಿದಳು. ಖಾಲಿ ಇದ್ದ ಮುಂದಿನ ಪುಟಗಳನ್ನು ಬಿಟ್ಟು, ಇಪ್ಪತ್ತಾರರ ಕೆಳಗೇ ತನ್ನ ದೂರು ಬರೆದು ಇಪ್ಪತ್ತೇಳು ಎಂದು ನಂಬರು ಹಾಕಿದಳು. "ನಿಂದು ಮದಲ, ನಂದು ಹಿಂದ. ಪಾಳಿ ಅಂದ್ರ ಪಾಳಿ."

ಸಂಜೆ ರಾಜಶ್ರೀ ದೂರು ಪುಸ್ತಕವನ್ನೂ ಒಂದು ರಜಾ ಅರ್ಜಿಯನ್ನೂ ಸಾಹೇಬರ ಮೇಜಿನ ಮೇಲಿಟ್ಟಳು. ಅಣ್ಣಾಸಾಹೇಬರು ಮುಂದಿನ ಪುಟಗಳನ್ನು ತಿರುವಿ ಹಿಗ್ಗಿದರು. ಅವಳೇ ಪುಸ್ತಕವನ್ನು ಮಗುಚಿ ಹಾಕಿದಳು. ಮೂರನೆಯ ದೂರಿಗೆ ಅವರು ಚಷ್ಮಾ ತೆಗೆದರು. ಬಹಳ ಹೊತ್ತು ಒರೆಸಿದರು. ಪುಸ್ತಕ ಬಿಟ್ಟು ಅರ್ಜಿ ಎತ್ತಿಕೊಂಡರು. ಕಾರಣ: ಮನಸ್ಸು ಸರಿ ಇಲ್ಲ, ಡಾಕ್ಟರಿಗೆ ತೋರಿಸುವುದಿದೆ.

"ಜ್ವರಾ ಅಂತ ಬರದಿದ್ರ ಮುಗೀತಿತ್ತಲ್ಲವಾ," ಎಂದರು ಮೆಲ್ಲಗೆ. "ಎಲ್ಲಾರೂ ಹಂಗ ಬರೀತಾರ."

"ಜ್ವರ ಇಲ್ರೀ ಸರ್," ಎಂದಳು ರಾಜಶ್ರೀ.

ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಅಣ್ಣಾಸಾಹೇಬರು ಸಹಿ ಮಾಡಿ, ಪುಸ್ತಕವನ್ನೂ ಅವಳ ಕೈಗೇ ಮರಳಿಸಿದರು. ಶಾಲಿನ ಮಾತು ಇಬ್ಬರೂ ಎತ್ತಲಿಲ್ಲ.

ಕಿಟಕಿಗೆ ಮರಳಿ ಪುಸ್ತಕವನ್ನು ದಾರಕ್ಕೆ ಕಟ್ಟಿ, ಕ್ರಮದ ಕಾಲಮ್ಮಿನಲ್ಲಿ ಮೊದಲನೆಯ ದೂರಿನ ಎದುರು ಬರೆದಳು: ಮಂಗಳವಾರ, ಜಮಖಂಡಿ. ಎರಡನೆಯದಕ್ಕೆ 'ಮೇಲಿನಂತೆ'. ಮೂರನೆಯದಕ್ಕೂ 'ಮೇಲಿನಂತೆ'. ಕೈಗೆ ವೇಗ ಬಂದು ಇಪ್ಪತ್ತೇಳನೆಯದಕ್ಕೂ ಅದನ್ನೇ ಬರೆದು, ಸತ್ಯವ್ವನ ಒಂದೂವರೆ ಎಕರೆ ಕಬ್ಬನ್ನು ದವಾಖಾನೆಗೆ ಕಳಿಸಿಬಿಟ್ಟಿದ್ದಳು. ಹೊಡೆದು ಹಾಕಿ, ಪಾಳಿಪಟ್ಟಿ ನೋಡಿ, ಗುರುವಾರ ಕಟಾವು ಎಂದು ತಿದ್ದಿದಳು. ತಿದ್ದುಪಡಿಗೆ ನಿಯಮದಂತೆ ಚಿಕ್ಕ ಸಹಿಯನ್ನೂ ಹಾಕಿದಳು.