ಗೃಹಪ್ರವೇಶಕ್ಕೆ ಸಿಂಹ

ವಾರದಲ್ಲಿ ಐದು ದಿನ ಚಿದಾನಂದ ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಶನಿವಾರ, ಭಾನುವಾರ ಪಂಚೆ ಉಟ್ಟು ಕನ್ನಡಿಗರ ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದ. ಮೈಸೂರಿನಲ್ಲಿ ತಾತನ ಪಕ್ಕ ಕೂತು ಕಲಿತ ಮಂತ್ರ ಈ ಊರಿನ ಚಳಿಯಲ್ಲಿ ಉಪಯೋಗಕ್ಕೆ ಬಂದೀತೆಂದು ಅವನೇ ಎಣಿಸಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಅವನು ಪುರೋಹಿತನಾಗಿದ್ದ.

ವೇದಕ್ಕನ ಹೊಸ ಮನೆಗೆ ಮಾತ್ರ ಅವನು ಹೊರಟದ್ದು ಪುರೋಹಿತನ ಹಾಗಲ್ಲ, ತವರಿನವನ ಹಾಗೆ. ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಸಾಲ್ಫರ್ಡಿನ ಬಾಡಿಗೆ ಕೋಣೆಯಲ್ಲಿ ನ್ಯುಮೋನಿಯಾ ಹಿಡಿದು ಒಂಟಿಯಾಗಿ ಮಲಗಿದ್ದಾಗ, ಕನ್ನಡ ಸಂಘದ ವಾಟ್ಸಾಪಿನಲ್ಲಿ ಸುದ್ದಿ ನೋಡಿ ಟ್ರಾಮ್ ಹತ್ತಿ ಸಾರನ್ನ ತಂದವಳು ಅವಳು. ರಕ್ತಸಂಬಂಧವೇನೂ ಇಲ್ಲ. ಆದರೂ ಅಕ್ಕ ಅಂದರೆ ಅಕ್ಕ. ಈ ದೇಶದಲ್ಲಿ ನನ್ನವರು ಅಂತ ಹೇಳಿಕೊಳ್ಳಲು ಅವನಿಗೆ ಇದ್ದದ್ದು ಅದೊಂದೇ ಮನೆ. ಅವಳ ಗಂಡ ಡಾಕ್ಟರ್ ಆಶಿಷ್ ಮಂಡಿ ಬದಲಿಸುವ ಸರ್ಜನ್. ಕೈಗುಣ ಒಳ್ಳೆಯದು, ಕೈ ತುಂಬ ಸಂಪಾದನೆ. ಉಳಿದ ದಿನ ‘ಏನೋ ಚಿದು’ ಎನ್ನುವ ಮನುಷ್ಯ, ಪೂಜೆಯ ದಿನ ಮಾತ್ರ ‘ಬನ್ನಿ ಭಟ್ರೇ’ ಎನ್ನುತ್ತಿದ್ದ.

ಆ ಭಾನುವಾರವೂ ಹಾಗೇ ಕರೆದ. ಚಿದಾನಂದ ಒಳಗೆ ಬಂದವನೇ ತಲೆ ಎತ್ತಿ ಹೊಗೆಯ ಅಲಾರಂ ಎಲ್ಲಿದೆ ಎಂದು ನೋಡಿದ. ಇಂಗ್ಲೆಂಡಿನಲ್ಲಿ ಹೋಮ ಮಾಡಿಸುವವನು ಗಣಪತಿಗಿಂತ ಮೊದಲು ಅದನ್ನು ಸುಮ್ಮನಾಗಿಸಬೇಕು. ಯಾರೋ ಆಗಲೇ ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು. ಸಮಾಧಾನವಾಗಿ ಕಣ್ಣು ಕೆಳಗಿಳಿಸಿದ. ಹೋಮಕುಂಡದ ಪಕ್ಕ, ಪುರೋಹಿತರು ಕೂರುವ ಜಾಗದಲ್ಲಿ, ಸಿಂಹದ ಚರ್ಮ ಹಾಸಿತ್ತು. ತಲೆ, ಕೇಸರ ಎಲ್ಲ ಹಾಗೇ ಇತ್ತು. ಕಣ್ಣಿನ ಜಾಗದಲ್ಲಿ ಗಾಜು.

“ನಿಮಗೋಸ್ಕರವೇ ಹಾಸಿದ್ದು,” ಎಂದ ಆಶಿಷ್. ಮುಖದಲ್ಲಿ ನಿಜವಾದ ಸಂತೋಷವಿತ್ತು. “ನಮ್ಮಜ್ಜ ಜಪಕ್ಕೆ ಜಿಂಕೆ ಚರ್ಮದ ಮೇಲೇ ಕೂರ್ತಿದ್ರು. ಇದು ಅದಕ್ಕಿಂತ ಶ್ರೇಷ್ಠ ಅಲ್ವಾ? ಹೋದ ಆಗಸ್ಟ್‌ನಲ್ಲಿ ಆಫ್ರಿಕಾಗೆ ಹೋಗಿದ್ನಲ್ಲ, ಆಗ ನಾನೇ ಹೊಡೆದದ್ದು. ಪೂಜೆ ಆದ್ಮೇಲೆ ಗೋಡೆಗೆ ಹಾಕ್ತೀವಿ.”

ಬಂದವರು ಆಗಲೇ ಅದರ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಚಿದಾನಂದ ಚರ್ಮದಿಂದ ದೂರ ಸರಿದು ಚೀಲದ ಸಾಮಾನು ತೆಗೆದಿಟ್ಟ.

“ನಂಗೊಂದು ಚಾಪೆ ಕೊಡಿ ಭಾವ. ಇದರ ಮೇಲೆ ಕೂರಲ್ಲ.”

“ಯಾಕೆ? ಶಿವನೇ ಹುಲಿ ಚರ್ಮದ ಮೇಲೆ ಕೂರ್ತಾನೆ. ನೀವೇನು ಅವನಿಗಿಂತ ದೊಡ್ಡವರಾ?” ಆಶಿಷ್ ನಕ್ಕ. ಜನರೂ ನಕ್ಕರು. “ಸುಲಭವಾಗಿ ಸಿಕ್ತು ಅಂದ್ಕೊಂಡ್ರಾ? ಇಲ್ಲಿ ನೋಡಿ.”

ಫೋನಿನಲ್ಲಿ ವಿಡಿಯೊ ಹಾಕಿ ಕೊಟ್ಟ. ಒಣಹುಲ್ಲು, ದೂರದಲ್ಲೊಂದು ಮರ, ಅದರ ಹಿಂದೆ ಉದ್ದಕ್ಕೂ ತಂತಿಬೇಲಿ. ಮರದ ಬುಡದಲ್ಲಿ ಮಲಗಿದ್ದ ಸಿಂಹ ಜೀಪಿನ ಸದ್ದು ಕೇಳಿ ಎದ್ದಿತು. ಓಡಲಿಲ್ಲ, ಗುರ್ ಎನ್ನಲಿಲ್ಲ. ಆರಾಮಾಗಿ ನಡೆದು ಬಂತು. ಹತ್ತಿರ ಬಂದು ನಿಂತು, ಬಂದೂಕನ್ನು ನೋಡದೆ ಗಾಡಿಯ ಹಿಂಭಾಗವನ್ನು ಇಣುಕಿ ನೋಡಿತು. ಗುಂಡಿನ ಸದ್ದಾಯಿತು.

“ಆ ಗಾಡಿಯಲ್ಲಿ ದಿನಾ ಏನು ಬರ್ತಿತ್ತು ಭಾವ?”

“ಅಂದ್ರೆ?”

“ಸಿಂಹ ಯಾಕೆ ಎದ್ದು ಬಂತು ಅಂತ.”

ಆಶಿಷ್ ಫೋನನ್ನು ಹಿಂದಕ್ಕೆ ತೆಗೆದುಕೊಂಡ. “ಫಾರ್ಮ್ ಗಾಡಿ ಅದು. ಮಾಂಸ ಹಾಕೋಕೆ ಬರುತ್ತೆ. ಅಲ್ಲಿ ಹಾಗೇ ಸಾಕ್ತಾರೆ. ಎಲ್ಲಾ ಲೀಗಲ್, ಪರ್ಮಿಟ್ ಇದೆ. ಆ ಊರವರಿಗೆ ಕೆಲಸ ಸಿಗುತ್ತೆ.”

“ಶಿವನ ಹುಲಿಯ ಕಥೆ ನಮ್ಮ ತಾತ ಹೇಳ್ತಿದ್ರು. ಋಷಿಗಳು ಸಿಟ್ಟಿಗೆದ್ದು ಅವನ ಮೇಲೆ ಹುಲೀನ ಬಿಟ್ರಂತೆ. ಅದು ಅವನನ್ನ ತಿನ್ನೋಕೆ ಬಂತು, ಅವನು ಕೊಂದ. ನಿಮ್ಮ ಸಿಂಹನೂ ನಿಮ್ಮ ಕಡೆಗೇ ಬಂತು ಭಾವ. ಊಟ ತಂದಿದಾರೆ ಅಂತ.”

ನಗು ನಿಂತಿತು. ಆಶಿಷನ ಮುಖ ಕೆಂಪಾಯಿತು. ‘ನೀವು’ ಹೋಗಿ ‘ನೀನು’ ಬಂತು.

“ನಿನ್ನೆ ರಾತ್ರಿ ಈ ಜನಾನೇ ಚಿಕನ್ ಬಿರಿಯಾನಿ ತಿಂದಿದಾರೆ. ಆ ಕೋಳೀನೂ ಸಾಕಿ ಕೊಂದದ್ದೇ ಅಲ್ವಾ? ಅದಕ್ಕೆ ಯಾಕೆ ಬಾಯಿ ಬಿಡಲ್ಲ ನೀನು?”

ಮಾತಿನಲ್ಲಿ ಹುರುಳಿತ್ತು. ಚಿದಾನಂದ ಅದನ್ನು ಅಲ್ಲಗಳೆಯಲಿಲ್ಲ. “ಅದೂ ಪಾಪವೇ ಇರಬಹುದು. ಆದ್ರೆ ಕೋಳಿ ತಿಂದೋರು ಅದನ್ನ ಗೆದ್ದೆ ಅಂತ ತಲೆ ತಂದು ಗೋಡೆಗೆ ಹಾಕಲ್ಲ.”

“ಸರಿ. ಚರ್ಮ ತೆಗೆಸ್ತೀನಿ. ಕೂತ್ಕೋ, ಮುಹೂರ್ತ ಹೋಗುತ್ತೆ.”

ಇಲ್ಲಿಗೆ ಮುಗಿಸಬಹುದಿತ್ತು. ಜಾಣನಾದವನು ಮುಗಿಸುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ವೇದಕ್ಕನನ್ನು ಚಿದಾನಂದ ನೋಡಿದ. ಅವಳು ನೆಲ ನೋಡುತ್ತಿದ್ದಳು. ‘ಕೂತ್ಕೋ ಚಿದು’ ಎಂದು ಅವಳು ಒಂದು ಮಾತು ಅಂದಿದ್ದರೆ ಅವನು ಕೂತುಬಿಡುತ್ತಿದ್ದನೇನೋ. ಅದಕ್ಕೇ ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

“ಚರ್ಮ ತೆಗೆದ್ರೆ ಸಾಲದು ಭಾವ. ಸಂಕಲ್ಪದಲ್ಲಿ ಹೆಸರು, ಗೋತ್ರ ಹೇಳ್ತೀರಲ್ಲ, ಅದರ ಜೊತೆ ಇದನ್ನೂ ಹೇಳಿ. ನನ್ನನ್ನ ನಂಬಿ ಹತ್ತಿರ ಬಂದದ್ದನ್ನ ಕೊಂದೆ, ತಪ್ಪಾಯ್ತು ಅಂತ. ಸಂಸ್ಕೃತ ಬೇಡ, ಕನ್ನಡದಲ್ಲೇ ಹೇಳಿ. ಆಮೇಲೆ ಅಗ್ನಿ ಹಚ್ತೀನಿ.”

“ಇಷ್ಟು ಜನರ ಮುಂದೆ?”

“ಹೊಡೆದೆ ಅಂತ ಇಷ್ಟು ಜನರ ಮುಂದೇನೇ ಹೇಳಿದ್ರಲ್ಲ.”

ಆಶಿಷ್ ಬಾಗಿಲ ಕಡೆ ಕೈ ತೋರಿಸಿದ. “ಹೊರಡು. ಇನ್ನು ಈ ಮನೆ ಹೊಸ್ತಿಲು ತುಳೀಬೇಡ. ಮಂತ್ರ ಯೂಟ್ಯೂಬ್‌ನಲ್ಲೂ ಸಿಗುತ್ತೆ.”

ಚಿದಾನಂದ ದರ್ಭೆ, ಸಮಿತ್ತು, ಪಂಚಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡ. ಇದ್ದೊಂದು ಮನೆಯನ್ನೂ ಕಳೆದುಕೊಂಡೆನಲ್ಲ ಎಂದುಕೊಂಡ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ. ಹಜಾರದ ಟಿವಿಯಲ್ಲಿ ಯಾರದೋ ದೊಡ್ಡ ಕಂಠದ ಮಂತ್ರ ಶುರುವಾಯಿತು. ಬಾಗಿಲ ಬಳಿ ಕೂತು ಅವನು ಶೂ ಹಾಕಿಕೊಂಡ.

“ವೇದಾ, ಹಾಲು ಉಕ್ಸು,” ಆಶಿಷ್ ಕೂಗಿದ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಮನೆಯಾಕೆಯ ಕೈಯಿಂದಲೇ ಆಗಬೇಕು. ಅದು ಉಕ್ಕದೆ ಮನೆ ಹೊಕ್ಕ ಹಾಗಲ್ಲ.

ವೇದಕ್ಕ ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದಳು. ಒಲೆಯ ಕಡೆ ಹೋಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬಗ್ಗಿ, ಸಿಂಹದ ಬಾಯಿಯ ಮುಂದೆ ತಣ್ಣಗಿನ ಹಾಲನ್ನು ಇಟ್ಟಳು.

“ಊಟಕ್ಕೆ ಅಂತ ಬಂದಿತ್ತಂತಲ್ಲ,” ಎಂದಳು. “ಮೊದಲು ಅದಕ್ಕಾಗಲಿ. ಅವನು ಹೇಳಿದ್ದನ್ನ ನೀವು ಹೇಳೋವರೆಗೂ ನಾನು ಈ ಮನೇಲಿ ಒಲೆ ಹಚ್ಚಲ್ಲ ರೀ.”

ರಿಮೋಟು ಯಾರ ಕೈಯಲ್ಲಿತ್ತೋ, ಟಿವಿ ಆರಿತು. ವೇದಕ್ಕ ಬಾಗಿಲ ಕಡೆ ತಿರುಗಿದಳು.

“ಚಿದು, ಶೂ ಬಿಚ್ಚು. ಮುಹೂರ್ತ ಇನ್ನೂ ಇದೆ.”

ಅವನು ಬಿಚ್ಚಿ ಒಳಗೆ ಬಂದ. ಯಾರೋ ಚಾಪೆ ತಂದು ಹಾಸಿದರು. ಆಶಿಷ್ ನಿಂತಲ್ಲೇ ನಿಂತಿದ್ದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.